ಕುದುರೆಯ ಮುಂದೆ ನನ್ನ ಯಜಮಾನಿಕೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಕಳೆದ ಸೋಮವಾರ ಬೆಳಿಗ್ಗೆ, ಹೊತ್ತು ಒಂದು ಮಾರು ಏರಿದ್ದಾಗ, ನಮ್ಮ ಧಾರವಾಡದ ಮನೆಯ ಒಳಕೋಣೆಯಲ್ಲಿ ಹುಟ್ಟಿದಳು. ಮೈಬಣ್ಣ ಈಗಷ್ಟೇ ಗಾಣದಿಂದ ಇಳಿದ ಕುಸುಬಿ ಎಣ್ಣೆಯಂತೆ ಮಿರಿಮಿರಿ. ತಲೆ ತುಂಬ ಕೂದಲು. ಮೂಗು ನನ್ನದು. ಅಲ್ಲ, ಮೂಗು ತನ್ನ ತವರಿನ ಕಡೆಯದು ಎಂದು ನಮ್ಮಾಕೆ ಹೇಳುತ್ತಾಳೆ. ಹೇಳಲಿ. ಇಂಥ ದಿನ ನಾನು ಯಾರ ಜೊತೆಗೂ ಜಗಳಕ್ಕೆ ಬೀಳುವುದಿಲ್ಲ.

ನಾನು ಗಾಣದವನು. ಓದಿದ್ದು ಮೂರನೆಯ ಇಯತ್ತೆ, ಅದೂ ಪೂರ್ತಿ ಅಲ್ಲ. ಬರೆಯುವುದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಆದರೆ ಆ ದಿನ ನಾನು ಮಾಡಿದ ತಪ್ಪುಗಳ ಮುಂದೆ ಇವೇನೂ ಅಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಕೂಸು ಹುಟ್ಟಿದ ದಿನವೇ, ದೀಪ ಹಚ್ಚುವುದರೊಳಗೆ, ಬಾಣಂತಿಯ ತಂದೆಯಾದವನು ಸಕ್ಕರೆ ತೆಗೆದುಕೊಂಡು ಬೀಗರ ಮನೆಗೆ ಹೋಗಬೇಕು. ಮೊದಲು ಬೀಗತಿಯ ಕೈಗೆ ಸಕ್ಕರೆ ಕೊಡಬೇಕು. ಅವರು ಅದನ್ನು ಬಾಯಿಗೆ ಹಾಕಿಕೊಂಡ ಮೇಲೆಯೇ ಸುದ್ದಿ ಹೇಳಬೇಕು. ಸಕ್ಕರೆಗಿಂತ ಮೊದಲು ಮಾತು ಹೊರಬಿದ್ದರೆ ಕೂಸಿಗೆ ಏಳಿಗೆಯಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು, ಅವಳ ಅವ್ವ ಹೇಳುತ್ತಿದ್ದಳು. ಅಲ್ಲಿಯತನಕ ತುಟಿ ಪಿಟ್ಟೆನ್ನಬಾರದು.

ಈ ಸುದ್ದಿ ನನಗೆ ಎಷ್ಟು ದೊಡ್ಡದು ಅನ್ನುವುದನ್ನೂ ಹೇಳಬೇಕು. ನನ್ನ ಮಗಳು ಶಾಂತವ್ವನನ್ನು ಕೆಲಗೇರಿಗೆ ಕೊಟ್ಟು ಏಳು ವರ್ಷ. ಏಳು ವರ್ಷ ತೊಟ್ಟಿಲು ಕಟ್ಟಿರಲಿಲ್ಲ. ಹಬ್ಬಕ್ಕೆ ತವರಿಗೆ ಬಂದರೆ ಓಣಿಯ ಹೆಂಗಸರು ಅವಳ ಮುಖ ನೋಡುತ್ತಿರಲಿಲ್ಲ, ಹೊಟ್ಟೆ ನೋಡುತ್ತಿದ್ದರು. ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಮಾತು ಕಡಿಮೆಯ ಹೆಂಗಸು. ಒಂದು ದಿನವೂ ಏನೂ ಅಂದವರಲ್ಲ. ಆದರೆ ಏನೂ ಅನ್ನದವರ ಮನಸ್ಸಿನಲ್ಲಿ ಏನಿರುತ್ತದೆಯೋ ಯಾರಿಗೆ ಗೊತ್ತು? ನಾನಂತೂ ಏಳು ವರ್ಷ ಆ ಬಾಗಿಲಲ್ಲಿ ತಲೆ ತಗ್ಗಿಸಿಯೇ ನಿಂತೆ. ಈಗ ತಲೆ ಎತ್ತುವ ದಿನ ಬಂದಿತ್ತು. ನನ್ನ ಮಗಳ ಸಲುವಾಗಿ ಕೆಲಗೇರಿಯ ಮಂದಿಯೆಲ್ಲ ಕಣ್ಣು ಅಗಲಿಸಿ ನೋಡಬೇಕು, ಹಾಗೆ ಹೋಗಬೇಕು. ನಡೆದುಕೊಂಡಲ್ಲ. ಕುದುರೆಯ ಮೇಲೆ!

"ಕುದುರಿ ಮ್ಯಾಲ? ನೀವು?" ಎಂದಳು ನಮ್ಮಾಕೆ. "ಹ್ವಾದ ವರ್ಷ ಅಟ್ಟ ಹತ್ತಿದವರನ್ನ ಇಳಸಾಕ ಮೂರು ಮಂದಿ ಬರಬೇಕಾತು!"

"ಅಟ್ಟ ಮಾತು ಕೇಳೂದಿಲ್ಲ. ಕುದುರಿ ಕೇಳ್ತೈತಿ. ಮೂವತ್ತು ವರ್ಷ ಎತ್ತು ಆಳೇನಿ ನಾನು!"

"ಎತ್ತು ಸುತ್ತಿ ಸುತ್ತಿ ತಾನ ಕಲತೈತಿ. ನೀವು ಗಾಣದ ಮ್ಯಾಲ ಕುಂತು ನಿದ್ದಿ ಮಾಡ್ತೀರಿ."

ಇದು ಖರೆ. ಹೆಂಡತಿ ಹೇಳಿದ್ದು ಖರೆ ಇದ್ದಾಗ ಗಂಡಸು ಮನೆಯಿಂದ ಹೊರಬೀಳುವುದೇ ಒಳ್ಳೆಯದು. ನಾನು ಹೊರಬಿದ್ದೆ.

ನಮ್ಮ ಎದುರು ಮನೆಯ ಮಾಬೂಸಾಬನದು ಟಾಂಗಾ. ಆ ದಿನ ಟಾಂಗಾದ ಗಾಲಿ ಪಟ್ಟಿ ಕಟ್ಟಿಸಿಕೊಳ್ಳಲು ಕಮ್ಮಾರನ ಕಡೆ ಹೋಗಿತ್ತು. ಅವನ ಬಿಳಿ ಕುದುರೆ ಚಾಂದನಿ ಮಾತ್ರ ಬೇವಿನ ಗಿಡದ ಕೆಳಗೆ ಕೆಲಸವಿಲ್ಲದೆ ನಿಂತು ಬಾಲ ಬೀಸುತ್ತಿತ್ತು. ಸುದ್ದಿ ಕೇಳಿ ಮಾಬೂಸಾಬ ನನ್ನನ್ನು ಅಪ್ಪಿಕೊಂಡೇ ಬಿಟ್ಟ.

"ಮುಬಾರಕ್ ಕಾಕಾ! ಕುದುರಿ ಒಯ್ಯಿರಿ, ಅದಕ್ಕೇನು ಕೇಳ್ತೀರಿ? ಖರೇ ಒಂದು ಮಾತು. ಕುದುರಿ ಮುಂದ ಬಾಯಿ ಮಾಡಬ್ಯಾಡ್ರಿ. ಅದು ಬಾಯಿ ಮಾತು ಕೇಳೂದಿಲ್ಲ, ಮೈ ಮಾತು ಕೇಳ್ತೈತಿ."

"ಮೈ ಎಲ್ಲ್ಯರ ಮಾತಾಡ್ತೈತೇನೋ?"

"ಮೈಯ ಮಾತಾಡೂದು ಕಾಕಾ, ಬಾಯಿ ಬರೇ ಸುಳ್ಳು ಹೇಳ್ತೈತಿ. ಇಲ್ಲೆ ನೋಡ್ರಿ. ನೆಟ್ಟಗ ನಿಂತು, ಎದಿ ಅದರ ಕಡೆ ಮಾಡಿ, ಕಣ್ಣಾಗ ಕಣ್ಣಿಟ್ರ ಹಿಂದ ಸರೀತೈತಿ. ಭುಜಾ ಇಳಿಬಿಟ್ಟು, ಬೆನ್ನು ತೋರಿಸಿ ಸಾವಕಾಶ ನಡದ್ರ ಬೆನ್ನ ಹತ್ತಿ ಬರ್ತೈತಿ. ಯಾರು ಯಾರ ಕಾಲು ಸರಸ್ತಾರೋ ಅವರು ಯಜಮಾನ್ರು. ಇಷ್ಟ ವಿದ್ಯಾ."

ಹೇಳಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದ. ಅವನು ಎದೆ ತೋರಿಸಿದ, ಚಾಂದನಿ ಎರಡು ಹೆಜ್ಜೆ ಹಿಂದೆ ಸರಿಯಿತು. ಅವನು ಬೆನ್ನು ತೋರಿಸಿದ, ಹಸುಗೂಸಿನಂತೆ ಬೆನ್ನು ಹತ್ತಿತು. ಇಷ್ಟೇನಾ! ಮೂರನೆಯ ಇಯತ್ತೆಯ ಮಗ್ಗಿ ಇದಕ್ಕಿಂತ ಕಠಿಣವಾಗಿತ್ತು. ಮಾಬೂಸಾಬ ಹಗ್ಗವನ್ನು ನನ್ನ ಕೈಗೆ ಕೊಟ್ಟು ಗಾಲಿ ನೋಡಲು ಕಮ್ಮಾರನ ಕಡೆ ಹೋದ.

ನಾನು ಮಗಳ ಮದುವೆಯಲ್ಲಿ ತೊಟ್ಟ ಕೋಟು ತೊಟ್ಟೆ, ಜರಿಯಂಚಿನ ರುಮಾಲು ಸುತ್ತಿದೆ. ನಮ್ಮಾಕೆ ಎರಡು ಸೇರು ಸಕ್ಕರೆಯನ್ನು ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಬೆನ್ನಿಗೆ ಬಿಗಿದಳು. "ಕೈಯಾಗ ಕೊಟ್ರ ದಾರ್ಯಾಗ ನೀವ ಖಾಲಿ ಮಾಡ್ತೀರಿ" ಎಂದಳು. ಮುನ್ನೆಚ್ಚರಿಕೆ ಅಂದರೆ ಇದು!

ಬೇವಿನ ಗಿಡದ ಕೆಳಗೆ ಹೋಗಿ ಚಾಂದನಿಯ ಎದುರು ನಿಂತೆ. ಎದೆ ಉಬ್ಬಿಸುವುದನ್ನು ಆ ದಿನ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬೆಳಗಿನಿಂದ ಅದು ತಾನಾಗಿಯೇ ಉಬ್ಬಿ ನಿಂತಿತ್ತು, ಕೋಟಿನ ಒಂದು ಗುಂಡಿ ಆಗಲೇ ಹಾರಿತ್ತು. ಕಣ್ಣಲ್ಲಿ ಕಣ್ಣಿಟ್ಟೆ. ಚಾಂದನಿ ಒಂದು ಹೆಜ್ಜೆ ಹಿಂದೆ ಸರಿಯಿತು. ಗೆದ್ದೆ! ಹುರುಪಿನಿಂದ ಮುಂದೆ ಹೋದೆ. ಅದು ಇನ್ನೊಂದು ಹೆಜ್ಜೆ ಹಿಂದೆ ಹೋಯಿತು. ನಾಲ್ಕು ಹೆಜ್ಜೆ ಗೆದ್ದೆ. ಹತ್ತು ಹೆಜ್ಜೆ ಗೆದ್ದೆ. ಇಪ್ಪತ್ತು ಹೆಜ್ಜೆ ಗೆದ್ದ ಮೇಲೆ ಹೊಳೆಯಿತು: ಕೆಲಗೇರಿ ಇರುವುದು ಆ ಕಡೆಗಲ್ಲ!

ಅಷ್ಟರಲ್ಲಿ ಚಾಂದನಿಯ ಹಿಂಗಾಲುಗಳು ಪಕ್ಕದ ಮನೆಯ ನೀಲವ್ವ ಚಾಪೆಯ ಮೇಲೆ ಒಣಹಾಕಿದ್ದ ಸಂಡಿಗೆಯನ್ನು ತಲುಪಿದ್ದವು. ಕರಂ ಕುರುಂ ಸಪ್ಪಳವಾಯಿತು. ನೀಲವ್ವ ಮುರುಕಲು ಕೋಲು ಹಿಡಿದು ಓಡಿ ಬಂದಳು.

"ಅಣ್ಣಾರ! ನನ್ನ ಸಂಡಿಗಿ!"

"ಕುದುರಿ ಹಿಂದ ಸರಿಯಾಕತ್ತೈತಿ ನೀಲವ್ವಾ. ಅಂದ್ರ ನಾನು ಯಜಮಾನ!"

"ಯಜಮಾನ್ರಾದ್ರ ನಾಳೆ ಬಂದು ಸಂಡಿಗಿ ಹಾಕ್ಕೊಡ್ರಿ!"

ಹಟ ಬಂತು. ಗಾಣದವನ ಬುದ್ಧಿಗೆ ಗಾಣದವನ ಉಪಾಯವೇ ಹೊಳೆಯುತ್ತದೆ. ನಮ್ಮ ಎತ್ತಿಗೆ ಕಣ್ಣು ಕಟ್ಟಿದರೆ ಸಾಕು, ಗಾಣ ತಿರುಗತೊಡಗುತ್ತದೆ. ಈ ಕುದುರೆ ನನ್ನ ಎದೆ ನೋಡಿ ತಾನೆ ಹಿಂದೆ ಸರಿಯುವುದು? ನೋಡದಿದ್ದರೆ? ರುಮಾಲು ಬಿಚ್ಚಿ ಅದರ ಕಣ್ಣಿಗೆ ಕಟ್ಟಿದೆ. ಚಾಂದನಿ ಅಲ್ಲಾಡಲಿಲ್ಲ. ಪಕ್ಕದಲ್ಲೇ ಇದ್ದ ನೀಲವ್ವನ ಮನೆಯ ಕಟ್ಟೆ ಏರಿ, ಅಲ್ಲಿಂದ ಬೆನ್ನ ಮೇಲೆ ಹೊಟ್ಟೆ ಹಾಕಿ, ಒಂದು ಕಾಲು ಆ ಕಡೆ ಎಸೆದು, ಶಿವಾ ಅನ್ನುತ್ತ ಕೂತೇಬಿಟ್ಟೆ! ಕೂತ ಮೇಲೆ "ಹ್ಯಾ!" ಎಂದೆ. "ಹೊಯ್!" ಎಂದೆ. ಹಿಮ್ಮಡಿಯಿಂದ ಒತ್ತಿದೆ. ಚಾಂದನಿ ಒಂದು ಕಾಲು ಸಡಿಲು ಬಿಟ್ಟು ಗೊರಕೆಯಂಥ ಉಸಿರು ತೆಗೆಯಿತು. ಎತ್ತಿಗೆ ಕಣ್ಣು ಕಟ್ಟಿದರೆ ಕೆಲಸ ಶುರುವಾಗುತ್ತದೆ, ಕುದುರೆಗೆ ಕಣ್ಣು ಕಟ್ಟಿದರೆ ನಿದ್ದೆ ಶುರುವಾಗುತ್ತದೆ. ಈ ಸಂಗತಿಯನ್ನು ಯಾವ ಇಯತ್ತೆಯಲ್ಲಿಯೂ ಕಲಿಸುವುದಿಲ್ಲ!

ಓಣಿ ನೆರೆಯಿತು. ಬೋಳು ತಲೆಯ ನಾನು, ಜರಿ ರುಮಾಲಿನ ಕುದುರೆ. ಮದುಮಗ ಯಾರು ಎಂದು ಯಾರೋ ಕೇಳಿದರು. ನಮ್ಮಾಕೆ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಇನ್ನೂ ಇಲ್ಲೇ ಅದೀರೇನು? ಕೂಸು ನಡಿಯಾಕ ಕಲತ ಮ್ಯಾಲ ಹೊಂಡ್ತೀರೇನು?"

ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು. ಜಾರಿ ಕೆಳಗಿಳಿದೆ. ರುಮಾಲು ಬಿಚ್ಚಿ ತಲೆಗೆ ಹೇಗೋ ಸುತ್ತಿಕೊಂಡೆ. ಕುದುರೆಯೂ ಬೇಡ, ಮೆರವಣಿಗೆಯೂ ಬೇಡ ಅನ್ನಿಸಿತು. ಹಗ್ಗವನ್ನು ಚಾಂದನಿಯ ಕುತ್ತಿಗೆಗೆ ಎಸೆದು, ಮುಖ ತಿರುಗಿಸಿ, ಭುಜ ಜೋತುಬಿಟ್ಟು, ತಲೆ ತಗ್ಗಿಸಿ ಕೆಲಗೇರಿಯ ದಾರಿ ಹಿಡಿದೆ. ಹತ್ತು ಹೆಜ್ಜೆ ಹೋಗಿರಲಿಲ್ಲ. ಹಿಂದಿನಿಂದ ಟಪ್, ಟಪ್, ಟಪ್. ಚಾಂದನಿ ಬರುತ್ತಿತ್ತು!

ಭುಜ ಇಳಿಬಿಡಬೇಕು, ಬೆನ್ನು ತೋರಿಸಬೇಕು, ಸಾವಕಾಶ ನಡೆಯಬೇಕು. ಅಯ್ಯೋ, ಮಾಬೂಸಾಬ ಹೇಳಿದ್ದು ಇದನ್ನೇ! ವಿದ್ಯೆ ಕೈಗೆ ಬಂದಿತ್ತು. ಸಂತೋಷದಿಂದ ಗರಕ್ಕನೆ ತಿರುಗಿ ಎದೆ ಉಬ್ಬಿಸಿದೆ. ಚಾಂದನಿ ನಿಂತಿತು. ನಾಲ್ಕು ಹೆಜ್ಜೆ ಹಿಂದೆ ಹೋಯಿತು. ಮತ್ತೆ ಬೆನ್ನು ತಿರುಗಿಸಿ ಮುಖ ಸಣ್ಣ ಮಾಡಿದೆ. ಮತ್ತೆ ಬಂತು. ನನಗೆ ಒಂದು ಸಂಗತಿ ಸ್ಪಷ್ಟವಾಯಿತು: ಯಜಮಾನಿಕೆ ಸಿಕ್ಕಿದೆ, ಆದರೆ ಸಂತೋಷಪಡಲು ಪರವಾನಗಿ ಇಲ್ಲ!

ಧಾರವಾಡದಲ್ಲಿಯೇ ಎಲ್ಲರಿಗಿಂತ ಹೆಚ್ಚು ಆನಂದದಲ್ಲಿದ್ದ ನಾನು ಸಾವಿನ ಮನೆಗೆ ಹೋಗುವವನಂತೆ ಕಾಲೆಳೆಯುತ್ತ ನಡೆದೆ. ಒಳಗೆ ಡೋಲು ಬಾರಿಸುತ್ತಿತ್ತು, ಹೊರಗೆ ಮುಖ ಗಂಟು. ಚಾಂದನಿಗೆ ನನ್ನ ಮೇಲೆ ಎಂಥ ಭಕ್ತಿ ಹುಟ್ಟಿತೆಂದರೆ, ಬೆನ್ನಿಗೇ ಅಂಟಿಕೊಂಡು ಬಂತು. ಬಿಸಿ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಆಗಾಗ ಮೂತಿ ಉಜ್ಜಿ ಮುದ್ದು ಮಾಡುತ್ತಿತ್ತು. ನನ್ನ ಹೆಂಡತಿ ಮೂವತ್ತು ವರ್ಷಗಳಲ್ಲಿ ನನ್ನ ಬೆನ್ನ ಹಿಂದೆ ಇಷ್ಟು ಪ್ರೀತಿಯಿಂದ ನಡೆದದ್ದಿಲ್ಲ. ಬೆನ್ನು ಒದ್ದೆಯಾಯಿತು. ಬೆವರು ಎಂದುಕೊಂಡೆ.

ದಾರಿಯಲ್ಲಿ ಹುಲ್ಲಿನ ಬಂಡಿಯ ಮುದುಕನೊಬ್ಬ ಎತ್ತು ನಿಲ್ಲಿಸಿ ನನ್ನನ್ನೂ ಕುದುರೆಯನ್ನೂ ನೋಡಿದ.

"ಯಾಕೋ ತಮ್ಮಾ, ಕುದುರಿ ಕುಂಟೈತೇನು?"

"ಇಲ್ಲರೀ ಯಜ್ಜಾ."

"ಮತ್ತ ನಿನಗ ಹತ್ತಾಕ ಬರೂದಿಲ್ಲೇನು?"

"ಹಂಗಲ್ಲರೀ. ನಾನು ಮುಂದ ನಡದು ಯಜಮಾನಿಕಿ ತೋರಸಾಕತ್ತೇನಿ."

ಮುದುಕ ಬಾರುಕೋಲು ಎತ್ತಿದ. "ನಾನು ಮನ್ಯಾಗ ಹಿಂಗ ಯಜಮಾನಿಕಿ ಮಾಡ್ಕೋತ ಇಷ್ಟು ವರ್ಷ ಆತು" ಎಂದು ಬಂಡಿ ಹೊಡೆದ.

ಬೀಗರ ಮನೆಯ ಹತ್ತಿರ ಒಂದು ಗಿಡ್ಡ ಗೋಡೆಯಿದೆ. ಅದನ್ನು ಏರಿ, ಅಲ್ಲಿಂದ ಕುದುರೆ ಏರಿ, ಬಾಗಿಲ ಮುಂದೆ ಠೀವಿಯಿಂದ ನಿಲ್ಲಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಆದರೆ ಕೆರೆ ದಾಟಿ ತಿರುವಿಗೆ ಬರುವಷ್ಟರಲ್ಲಿಯೇ ಬೀಗತಿ ಹೊಸ್ತಿಲಿಗೆ ಬಂದು ನಿಂತಿದ್ದರು. ಇಂದೋ ನಾಳೆಯೋ ಹೆರಿಗೆಯ ಸುದ್ದಿ ಬರುತ್ತದೆಂದು ಬೆಳಗಿನಿಂದ ಹಾಗೆಯೇ ನಿಂತಿದ್ದರಂತೆ.

ಅವರಿಗೆ ಕಂಡದ್ದು ಏನು? ಓರೆ ರುಮಾಲು. ತಗ್ಗಿಸಿದ ತಲೆ. ಜೋತುಬಿದ್ದ ಭುಜ. ಹಿಂದೆ ಸವಾರನಿಲ್ಲದ ಕುದುರೆ.

"ಬೀಗರ..." ಎಂದರು. "ಏನಾತ್ರಿ?"

ನಾನು ತುಟಿ ಬಿಗಿದುಕೊಂಡೆ. ಸಕ್ಕರೆ ಕೊಡದೆ ಹೇಗೆ ಬಾಯಿ ಬಿಡಲಿ? ಅವಸರದಿಂದ ಬೆನ್ನಿಗೆ ಕೈ ಹಾಕಿದೆ. ಗಂಟು ಚಪ್ಪಟೆಯಾಗಿತ್ತು. ಒದ್ದೆಯಾಗಿತ್ತು. ಬಿಚ್ಚಿ ನೋಡಿದರೆ ಬಟ್ಟೆಯಲ್ಲಿ ಅಂಗೈ ಅಗಲದ ತೂತು! ಹಿಂದೆ ಚಾಂದನಿ ನಾಲಗೆಯಿಂದ ತುಟಿ ಸವರಿಕೊಳ್ಳುತ್ತಿತ್ತು. ಎರಡೂವರೆ ಮೈಲು ಅದು ಬಂದದ್ದು ನನ್ನ ಹಿಂದೆ ಅಲ್ಲ, ಸಕ್ಕರೆಯ ಹಿಂದೆ!

ಆ ಗಳಿಗೆಯಲ್ಲಿ ನನ್ನ ಮುಖ ಹೇಗಾಯಿತೋ ನಾನು ಕಾಣೆ. ಬೀಗತಿ ಕಂಡರು. ಕಂಡವರೇ ಕುಸಿದು ಕೂತರು.

ಮಾತು ಬೇಡ, ಸನ್ನೆಯಿಂದಲಾದರೂ ಸಮಾಧಾನ ಮಾಡೋಣ ಎಂದು, ದೇವರು ಕೊಟ್ಟ ಎನ್ನಲು ಆಕಾಶಕ್ಕೆ ಕೈ ತೋರಿಸಿದೆ. ದೇವರು ಒಯ್ದ ಎಂದು ಅವರು ತಿಳಿದರು. "ಅಯ್ಯಯ್ಯೋ!" ಎಂದು ಎದೆ ಬಡಿದುಕೊಂಡರು. ಗಾಬರಿಯಾಗಿ ಎರಡೂ ಕೈಯಲ್ಲಿ ಕೂಸನ್ನು ಹಿಡಿದು ತೂಗುವಂತೆ ಮಾಡಿದೆ. ಅವರಿಗೆ ಅದು ಮಣ್ಣಿಗೆ ಒಯ್ಯುವಂತೆ ಕಂಡಿತು. ನೆರೆಹೊರೆಯವರೆಲ್ಲ ಓಡಿ ಬಂದರು. ಕುದುರೆಗೆ ಅರ್ಥವಾಗದ ನನ್ನ ಮೈಮಾತು ಮನುಷ್ಯರಿಗೂ ಅರ್ಥವಾಗಲಿಲ್ಲ!

ಆಗ ಬೀಗತಿ ಅಳುತ್ತ ಆಡಿದ ಮಾತನ್ನು ನಾನು ಸಾಯುವತನಕ ಮರೆಯುವುದಿಲ್ಲ.

"ಕೂಸು ಹ್ವಾದ್ರ ಹೋಗ್ಲಿರೀ ಬೀಗರ, ನನ್ನ ಶಾಂತವ್ವ ಉಳದಾಳೇನು, ಅಷ್ಟು ಹೇಳ್ರೀ! ಏಳು ವರ್ಷ ನನ್ನ ಹೊಟ್ಟ್ಯಾಗ ಹುಟ್ಟಿದ ಮಗಳಂಗ ಇದ್ದಾಕಿ... ಮಕ್ಕಳಿಲ್ಲದಿದ್ರ ಏನಾಗ್ತಿತ್ತು, ಆಕಿನ ನನ್ನ ಕೂಸಾಗಿದ್ದಳಲ್ಲರೀ!"

ಏಳು ವರ್ಷ ನಾನು ಹೆದರಿದ್ದು ಈ ಮನಸ್ಸಿಗೆ! ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವರು ಮತ್ತಷ್ಟು ಅತ್ತರು. ಇನ್ನು ತಡೆಯಬಾರದು ಎಂದು ಗಂಟಿನ ಮೂಲೆಮೂಲೆ ತಡಕಿದೆ. ಒಂದು ಮಡಿಕೆಯಲ್ಲಿ ಚಿಟಿಕೆಯಷ್ಟು ಸಕ್ಕರೆ ಅಂಟು ಅಂಟಾಗಿ ಉಳಿದಿತ್ತು. ಕೆರೆದು ತೆಗೆದು ಅವರ ಅಂಗೈಗೆ ಹಾಕಿ ಬಾಯಿಗೆ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದೆ. ಯಾವ ಮಠದ ಪ್ರಸಾದವೋ ಎಂದು ಅಳುತ್ತಲೇ ಹಾಕಿಕೊಂಡರು. ಅಳು ಅರ್ಧಕ್ಕೆ ನಿಂತಿತು. ಬಾಯಿ ಚಪ್ಪರಿಸಿದರು.

"ಸಕ್ಕರಿ?" ಎಂದರು.

"ಮೊಮ್ಮಗಳು!" ಎಂದು ಕೂಗಿದೆ. ಕೆರೆಯ ಆಚೆ ದಂಡೆಯ ಕೊಕ್ಕರೆಗಳು ಎದ್ದು ಹಾರಿದವು. "ತಾಯಿ-ಮಗಳು ಇಬ್ಬರೂ ಆರಾಮ ಅದಾರ್ರೀ!"

ಬೀಗತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಎದ್ದು ನಿಂತರು. ಮಾತು ಕಡಿಮೆಯ ಹೆಂಗಸು ಎಂದೆನಲ್ಲ, ಏಳು ವರ್ಷದ ಮಾತನ್ನೆಲ್ಲ ಅವರು ಈ ದಿನಕ್ಕೇ ಕೂಡಿಟ್ಟಿದ್ದರು.

"ಹೆಣ್ಣು ಹುಟ್ಟೇತೆಂತ ಮಾರಿ ಹಿಂಗ ಸಣ್ಣ ಮಾಡ್ಕೊಂಡು ಬಂದೀರೇನು? ನಾಚಿಕಿ ಬರೂದಿಲ್ಲೇನ್ರೀ ನಿಮಗ? ನಾನು ಹೆಣ್ಣಲ್ಲೇನು? ನಿಮ್ಮನ್ನ ಹಡದಾಕಿ ಹೆಣ್ಣಲ್ಲೇನು? ನಮ್ಮ ಮನಿಗೆ ಬಂದ ಲಕ್ಷ್ಮಿ ಸುದ್ದಿ ಹೇಳಾಕ ಹೆಣದ ಹಿಂದ ಬಂದಂಗ ಬಂದೀರಿ!"

"ಇಲ್ಲರೀ ಬೀಗತೇರ, ನನಗ ಭಾಳ ಆನಂದ ಆಗೇತ್ರಿ..."

"ಕಂಡೆನಲ್ಲ ನಿಮ್ಮ ಆನಂದ!"

"ಅದು ಕುದುರಿ ಸಲುವಾಗ್ರೀ..."

ಎಲ್ಲವನ್ನೂ ಹೇಳಬೇಕಾಯಿತು. ಎದೆ ಉಬ್ಬಿಸಿದ್ದು, ಸಂಡಿಗೆ ತುಳಿಸಿದ್ದು, ರುಮಾಲು ಕಟ್ಟಿದ್ದು, ಭುಜ ಇಳಿಬಿಟ್ಟದ್ದು. ಅಷ್ಟರಲ್ಲಿ ಹೊಲದಿಂದ ಬೀಗರೂ ಅಳಿಯನೂ ಓಡಿ ಬಂದಿದ್ದರು. ಬೀಗರು ತೂತು ಬಿದ್ದ ಬಟ್ಟೆಯನ್ನು ಎತ್ತಿ ಹಿಡಿದು ನೋಡಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಬೀಗತಿ ಮಾತ್ರ ನಗಲಿಲ್ಲ. ಅವರಿಗೆ ಏನೋ ಹೊಳೆದಿತ್ತು.

"ಹಂಗಾದ್ರ ಈಗ ನಾ ತಿಂದದ್ದು?"

"ಅರ್ಧ ಸಕ್ಕರಿ ಇತ್ತರೀ."

"ಉಳದ ಅರ್ಧ?"

ನಾನು ಚಾಂದನಿಯ ಮುಖ ನೋಡಿದೆ. ಅದು ಬೇರೆ ಕಡೆ ನೋಡಿತು. ಬೀಗತಿ ಬಾಯಿ ಮುಕ್ಕಳಿಸಲು ಒಳಗೆ ಓಡಿದರು. ಹೊರಗೆ ಬರುವಾಗ ಕೈಯಲ್ಲಿ ಕೂಸಿನ ತಲೆಗೆ ಕುಲಾಯಿ, ಹೊಸ ಸೀರೆ, ತುಪ್ಪದ ಗಡಿಗೆ ಇದ್ದವು. "ಬಂಡಿ ಕಟ್ಟ್ರಿ, ಈಗಿಂದೀಗ ಹೋಗಬೇಕು" ಎಂದರು. ನಮ್ಮ ಅಳಿಯನಿಗೆ ಬಂಡಿ ಕಟ್ಟುವತನಕವೂ ತಾಳ್ಮೆಯಿರಲಿಲ್ಲ. ಬರಿಗೈಲಿ ಚಾಂದನಿಯ ಕೊರಳು ತಟ್ಟಿ, ಒಂದೇ ನೆಗೆತಕ್ಕೆ ಏರಿ, ಧೂಳೆಬ್ಬಿಸಿ ಹೋಗಿಯೇ ಬಿಟ್ಟ. ಎದೆ ತೋರಿಸಲಿಲ್ಲ, ಬೆನ್ನು ತೋರಿಸಲಿಲ್ಲ, ಯಾವ ವಿದ್ಯೆಯೂ ಇಲ್ಲ! ನಾನು ಬಂಡಿಯಲ್ಲಿ ತುಪ್ಪದ ಗಡಿಗೆ ಹಿಡಿದುಕೊಂಡು ಬಂದೆ. ಅಲುಗಿಸಬೇಡಿ ಎಂದು ಬೀಗತಿ ನಾಲ್ಕು ಸಲ ಎಚ್ಚರಿಸಿದರು.

ಆ ಸಂಜೆ ನಮ್ಮ ಪಡಸಾಲೆಯಲ್ಲಿ ಎಲ್ಲರೂ ಕೂಡಿ ಊಟಕ್ಕೆ ಕೂತೆವು. ಗೋಧಿ ಹುಗ್ಗಿ, ಬಿಸಿ ರೊಟ್ಟಿ, ಎಣ್ಣೆಗಾಯಿ. ಬೀಗರು ಒಂದು ಕಡೆ, ಅಳಿಯ ಒಂದು ಕಡೆ, ನಡುವೆ ನಾನು. ನಮ್ಮಾಕೆ ಬಡಿಸುತ್ತ ಬಡಿಸುತ್ತಲೇ ಬೀಗತಿಯಿಂದ ಎಲ್ಲ ಕಥೆಯನ್ನೂ ಕಿವಿಯಲ್ಲಿ ತುಂಬಿಕೊಂಡಿದ್ದಳು, ಆಗಾಗ ಗೋಡೆಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಒಳಕೋಣೆಯ ಬಾಗಿಲಲ್ಲಿ ಶಾಂತವ್ವ ದಿಂಬಿಗೆ ಒರಗಿದ್ದಳು. ಬೀಗತಿ ಪಕ್ಕದಲ್ಲಿ ಕೂತು, ತಮ್ಮ ಊಟ ಮರೆತು, ಅವಳ ಬಾಯಿಗೆ ತುಪ್ಪದನ್ನದ ತುತ್ತು ಇಡುತ್ತಿದ್ದರು. ಮಗಳ ಮುಖದಲ್ಲಿ ಅಂಥ ಬೆಳಕನ್ನು ನಾನು ಏಳು ವರ್ಷಗಳಲ್ಲಿ ಕಂಡಿರಲಿಲ್ಲ.

"ಅಪ್ಪಾ," ಎಂದಳು ಶಾಂತವ್ವ, "ಖರೇನ ಕುದುರಿ ಮ್ಯಾಲ ಹೋಗಿದ್ದೀಯೇನು, ನನ್ನ ಸಲುವಾಗಿ?"

ಎಲ್ಲರ ಕೈಗಳು ನಿಂತವು. ನಾನು ತಟ್ಟೆಯ ಹುಗ್ಗಿಯಲ್ಲಿ ಗೋಧಿ ಎಷ್ಟಿವೆ ಎಂದು ನೋಡತೊಡಗಿದೆ.

"ಏನ ಹೇಳಲಿ ಯವ್ವಾ," ಎಂದರು ಬೀಗತಿ, ಗಂಭೀರವಾಗಿ. "ಏನು ಮೆರವಣಿಗಿ ಅಂತಿ! ನಿಮ್ಮಪ್ಪ ಬಂದದ್ದು ನೋಡಿ ನನಗ ಅಳು ತಡಿಲಿಲ್ಲ. ಊರ ಮಂದಿಯೆಲ್ಲ ಕೂಡಿತ್ತು."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ! ಬೀಗರಿಗೆ ಹುಗ್ಗಿ ನೆತ್ತಿಗೆ ಹತ್ತಿತು. ಅಳಿಯ ತಟ್ಟೆ ಬಿಟ್ಟು ಅಂಗಳಕ್ಕೆ ಓಡಿದ. ನಮ್ಮಾಕೆ ಸೌಟು ಹಿಡಿದುಕೊಂಡೇ ಕಂಬಕ್ಕೆ ಒರಗಿ ಕುಸಿದಳು. ಶಾಂತವ್ವ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ನನ್ನ ಮುಖ ನೋಡಿ, ತಾನೂ ನಗತೊಡಗಿದಳು.

ನಾನು ಇನ್ನಷ್ಟು ಹುಗ್ಗಿ ಕೇಳಿದೆ. ಎರಡು ಸಲ ಕೇಳಿದೆ. ಧ್ವನಿ ಗಡುಸು ಮಾಡಿ ಮೂರನೆಯ ಸಲವೂ ಕೇಳಿದೆ. ಯಾರಿಗೂ ಏಳುವ ಸ್ಥಿತಿಯಿರಲಿಲ್ಲ. ಕೊನೆಗೆ ಮನೆಯ ಯಜಮಾನನಾದ ನಾನೇ ಎದ್ದು ಬಡಿಸಿಕೊಂಡೆ.